ಒಂದೇ ಕ್ರಿಯೆ ಎರಡು ವಿಧಕ್ಕೂ ಸೇರುತ್ತದಲ್ಲ, ಮಕ್ಕಳಿಗೆ ಹೇಗೆ ಹೇಳಿಕೊಡುವುದು? (10ನೇ ತರಗತಿ, ರಾಸಾಯನಿಕ ಕ್ರಿಯೆಗಳು)

ವಿಜ್ಞಾನ ಟೀಚರ್, ಯಲಹಂಕ

ಎಲ್ಲರಿಗೂ ನಮಸ್ಕಾರ. ರಾಸಾಯನಿಕ ಕ್ರಿಯೆಗಳ ಅಧ್ಯಾಯ ನಡೆಯುತ್ತಿದೆ. ಸಂಯೋಗ (ಹಲವು ಸೇರಿ ಒಂದಾಗುವುದು), ವಿಭಜನೆ (ಒಂದು ಒಡೆದು ಹಲವಾಗುವುದು), ಸ್ಥಾನಪಲ್ಲಟ (ಒಂಟಿ ಧಾತು ಸಂಯುಕ್ತದಿಂದ ಇನ್ನೊಂದನ್ನು ಹೊರತಳ್ಳುವುದು), ದ್ವಿಸ್ಥಾನಪಲ್ಲಟ (ಎರಡು ಸಂಯುಕ್ತಗಳು ಜೊತೆ ಬದಲಾಯಿಸುವುದು) ನಾಲ್ಕರ ವ್ಯಾಖ್ಯೆಯನ್ನೂ ಮಕ್ಕಳು ಚೆನ್ನಾಗಿ ಹೇಳುತ್ತಾರೆ. ಹೊಸ ಸಮೀಕರಣ ಕೊಟ್ಟರೆ ಮಾತ್ರ ತಡವರಿಸುತ್ತಾರೆ. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಸಂಯೋಗವೋ ಬಹಿರುಷ್ಣಕವೋ? ಫೆರಸ್ ಸಲ್ಫೇಟ್ (ಕಬ್ಬಿಣದ ಒಂದು ಸಲ್ಫೇಟ್) ಕಾಯಿಸಿದರೆ ವಿಭಜನೆಯೋ ಉತ್ಕರ್ಷಣವೋ? ಮೀಥೇನ್ ಉರಿಯುವುದನ್ನು ನಾಲ್ಕರಲ್ಲಿ ಯಾವುದಕ್ಕೆ ಸೇರಿಸಬೇಕು? ತಟಸ್ಥೀಕರಣ ಬೇರೆಯೇ ವಿಧವೋ? ಪ್ರಶ್ನೆ ಕೇಳುವ ಮಕ್ಕಳೇ ಹೆಚ್ಚು ಗೊಂದಲದಲ್ಲಿದ್ದಾರೆ. ಹಾಗಾಗಿ ಇದು ಓದದ ತಪ್ಪಲ್ಲ, ಹೇಳಿಕೊಡುವ ಕ್ರಮದಲ್ಲೇ ಏನೋ ಕೊರತೆ ಇದೆ ಅನ್ನಿಸುತ್ತಿದೆ.

ಎರಡನೆಯದು ಪ್ರಯೋಗಗಳ ವಿಷಯ. ಹೊಗೆ ಹೀರುವ ಫ್ಯಾನ್ ಇಲ್ಲದ ಕೋಣೆ, 42 ಮಕ್ಕಳು, 40 ನಿಮಿಷ, ಸ್ಪಿರಿಟ್ ಲ್ಯಾಂಪ್ ಮತ್ತು ಪ್ರನಾಳಗಳು ಮಾತ್ರ. ಮೂರು ಕಡೆ ಫಲಿತಾಂಶ ಪುಸ್ತಕದಂತೆ ಬರುತ್ತಿಲ್ಲ:

ಸುಣ್ಣಕ್ಕೆ ನೀರು ಹಾಕಿದರೆ ಲೋಟ ಬಿಸಿಯೇ ಆಗುವುದಿಲ್ಲ.

ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣದಲ್ಲಿ ಮೊಳೆ ಇಟ್ಟರೆ ಕೆಂಪು ತಾಮ್ರದ ಬದಲು ಕಪ್ಪು ಕಸದಂಥದ್ದು ಕೂರುತ್ತದೆ. ದ್ರಾವಣ ಹಸಿರಾಗುವುದಿಲ್ಲ, ಬಣ್ಣವೇ ಹೋಗುತ್ತದೆ.

ಸಿಲ್ವರ್ ನೈಟ್ರೇಟನ್ನು ನೀರಿಗೆ ಹಾಕಿದ ಕೂಡಲೇ, ಇನ್ನೂ ಉಪ್ಪು ಸೇರಿಸುವ ಮೊದಲೇ, ಹಾಲಿನಂತಾಗುತ್ತದೆ.

ಕಾರಣ ಮತ್ತು ಸರಿಯಾದ ಅಳತೆ ತಿಳಿಸಿದರೆ ತುಂಬ ಉಪಕಾರ.

ಪಿಯು ಕೆಮಿಸ್ಟ್ರಿ, ಮಲ್ಲೇಶ್ವರ

ಟೀಚರ್, ಮೊದಲ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಪ್ರಯೋಗದ ಬಗ್ಗೆ ಇಲ್ಲಿ ನನಗಿಂತ ಕೈ ಪಳಗಿದವರಿದ್ದಾರೆ.

ಗೊಂದಲದ ಬೇರು ಇಲ್ಲಿದೆ: ಬಹಿರುಷ್ಣಕ, ಉತ್ಕರ್ಷಣ, ಸಂಯೋಗ ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆಯುತ್ತೇವೆ. ಪಟ್ಟಿಯಲ್ಲಿದ್ದರೆ ಒಂದನ್ನು ಆರಿಸಿ ಉಳಿದದ್ದನ್ನು ಬಿಡಬೇಕು ಅಂತ ಮಕ್ಕಳು ತಿಳಿಯುತ್ತಾರೆ. ಅವು ಒಂದೇ ಪ್ರಶ್ನೆಯ ಉತ್ತರಗಳೇ ಅಲ್ಲ. ಒಬ್ಬ ಹುಡುಗ 10ನೇ ತರಗತಿಯವನೂ ಹೌದು, ಎಡಗೈಯವನೂ ಹೌದು, ಯಲಹಂಕದವನೂ ಹೌದು. ಕ್ರಿಯೆಗೂ ಹಾಗೆಯೇ ಮೂರು ಪ್ರಶ್ನೆ ಕೇಳಿಸಿ.

ಪರಮಾಣುಗಳ ಗುಂಪು ಹೇಗೆ ಬದಲಾಯಿತು? ಇದಕ್ಕೆ ಉತ್ತರ ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ, ಅಥವಾ ನಾಲ್ಕೂ ಅಲ್ಲ.

ಎಲೆಕ್ಟ್ರಾನ್ ಕೈ ಬದಲಾಯಿತೇ? ಹೌದಾದರೆ ಉತ್ಕರ್ಷಣ (ಬಿಡುವುದು)-ಅಪಕರ್ಷಣ (ಪಡೆಯುವುದು), ಇಲ್ಲವಾದರೆ ಇಲ್ಲ.

ಶಾಖ ಹೊರಬಂತೋ ಒಳಹೋಯಿತೋ? ಬಹಿರುಷ್ಣಕ ಅಥವಾ ಅಂತರುಷ್ಣಕ.

ಕಪ್ಪು ಹಲಗೆಯ ಮೇಲೆ ಮೂರು ಕಂಬಸಾಲು ಎಳೆದು ಪ್ರತಿ ಸಮೀಕರಣಕ್ಕೂ ಮೂರನ್ನೂ ತುಂಬಿಸಿದರೆ "ಇದೋ ಅದೋ" ಎಂಬ ಪ್ರಶ್ನೆಯೇ ಏಳುವುದಿಲ್ಲ. ಸುಟ್ಟ ಸುಣ್ಣಕ್ಕೆ ನೀರು: ಸಂಯೋಗ, ಎಲೆಕ್ಟ್ರಾನ್ ವರ್ಗಾವಣೆ ಇಲ್ಲ, ಬಹಿರುಷ್ಣಕ. ಮೆಗ್ನೀಷಿಯಂ ಪಟ್ಟಿ ಉರಿಯುವುದು: ಸಂಯೋಗ, ವರ್ಗಾವಣೆ ಇದೆ, ಬಹಿರುಷ್ಣಕ. ಎರಡೂ ಸಂಯೋಗವೇ, ಆದರೆ ಎರಡನೇ ಕಂಬಸಾಲಿನಲ್ಲಿ ಬೇರೆ.

ಎರಡನೇ ಪ್ರಶ್ನೆಯನ್ನು "ಆಕ್ಸಿಜನ್ ಸೇರಿದರೆ ಉತ್ಕರ್ಷಣ" ಎಂಬಲ್ಲಿಗೇ ನಿಲ್ಲಿಸಿದರೆ ಮೊಳೆ ಮತ್ತು ಮೈಲುತುತ್ತದ ಕ್ರಿಯೆಯಲ್ಲಿ ಸಿಕ್ಕಿಬೀಳುತ್ತೀರಿ. ಅಲ್ಲಿ ಯಾವುದಕ್ಕೂ ಆಕ್ಸಿಜನ್ ಸೇರುವುದಿಲ್ಲ, ಬಿಡುವುದೂ ಇಲ್ಲ. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟು ಅಯಾನು (ಆವೇಶವಿರುವ ಕಣ) ಆಗುತ್ತದೆ, ತಾಮ್ರದ ಅಯಾನು ಆ ಎರಡನ್ನು ತೆಗೆದುಕೊಂಡು ಲೋಹವಾಗುತ್ತದೆ. ಲೋಹಗಳ ಪಾಠದಲ್ಲಿ ಎಲೆಕ್ಟ್ರಾನ್ ಬಿಡುವ ಮಾತು ಹೇಗೂ ಬರುತ್ತದೆ, ಇಲ್ಲೇ ಒಂದು ಸಾಲು ಹೇಳಿಬಿಡಿ.

ಫೆರಸ್ ಸಲ್ಫೇಟ್ ನೋಡೋಣ, ಇದು ಬಹಳ ಒಳ್ಳೆಯ ಉದಾಹರಣೆ. ಎರಡು ಘಟಕ ಫೆರಸ್ ಸಲ್ಫೇಟ್ ಒಡೆದು ಒಂದು ಫೆರಿಕ್ ಆಕ್ಸೈಡ್, ಒಂದು ಸಲ್ಫರ್ ಡೈ ಆಕ್ಸೈಡ್, ಒಂದು ಸಲ್ಫರ್ ಟ್ರೈ ಆಕ್ಸೈಡ್ ಆಗುತ್ತದೆ. ಉತ್ಕರ್ಷಣ ಸಂಖ್ಯೆ (ಎಷ್ಟು ಎಲೆಕ್ಟ್ರಾನ್ ಬಿಟ್ಟಿದೆ ಎಂಬ ಲೆಕ್ಕ) ನೋಡಿ: ಎರಡು ಕಬ್ಬಿಣಗಳೂ ಪ್ಲಸ್ 2ರಿಂದ ಪ್ಲಸ್ 3ಕ್ಕೆ ಹೋದವು, ಒಟ್ಟು ಎರಡು ಎಲೆಕ್ಟ್ರಾನ್ ಹೊರಬಂತು. ಎರಡು ಗಂಧಕಗಳಲ್ಲಿ ಒಂದು ಪ್ಲಸ್ 6ರಲ್ಲೇ ಉಳಿಯಿತು, ಇನ್ನೊಂದು ಪ್ಲಸ್ 4ಕ್ಕೆ ಇಳಿದು ಆ ಎರಡನ್ನು ಪಡೆಯಿತು. ಲೆಕ್ಕ ಚುಕ್ತಾ. ಎರಡು ಬೇರೆ ಬೇರೆ ಆಕ್ಸೈಡ್ ಅನಿಲ ಯಾಕೆ ಬರುತ್ತವೆ ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ. ಆದ್ದರಿಂದ ಇದು ವಿಭಜನೆಯೂ ಹೌದು, ಉತ್ಕರ್ಷಣ-ಅಪಕರ್ಷಣವೂ ಹೌದು, ಅಂತರುಷ್ಣಕವೂ ಹೌದು. ಸುಣ್ಣಕಲ್ಲು ಕಾಯಿಸಿದಾಗಲೂ ವಿಭಜನೆ ಮತ್ತು ಅಂತರುಷ್ಣಕ, ಆದರೆ ಅಲ್ಲಿ ಎಲೆಕ್ಟ್ರಾನ್ ಕದಲುವುದಿಲ್ಲ.

ಮಕ್ಕಳಿಗೆ ನೆನಪಿಟ್ಟುಕೊಳ್ಳಲು ಒಂದು ಹಿಡಿತ ಬೇಕಾದರೆ ಇದು ಸಾಕು: ಒಂಟಿ ಧಾತು ಎಲ್ಲಾದರೂ ಸಂಯುಕ್ತದೊಳಗೆ ಹೋದರೆ ಅಥವಾ ಸಂಯುಕ್ತದಿಂದ ಒಂಟಿಯಾಗಿ ಹೊರಬಂದರೆ ಎಲೆಕ್ಟ್ರಾನ್ ವರ್ಗಾವಣೆ ಆಗಿಯೇ ಆಗಿರುತ್ತದೆ. ಹಾಗಾಗಿ ಸ್ಥಾನಪಲ್ಲಟವೆಲ್ಲ ಉತ್ಕರ್ಷಣ-ಅಪಕರ್ಷಣವೇ. ದ್ವಿಸ್ಥಾನಪಲ್ಲಟದಲ್ಲಿ ಅಯಾನುಗಳು ಜೊತೆ ಬದಲಾಯಿಸುತ್ತವೆ ಅಷ್ಟೆ, ಅವುಗಳ ಆವೇಶ ಬದಲಾಗುವುದಿಲ್ಲ. ಹಾಗಾಗಿ ಅದು ಎಂದೂ ಅಲ್ಲ. ಫೆರಸ್ ಸಲ್ಫೇಟಿನಂತೆ ಒಂಟಿ ಧಾತು ಕಾಣದಿದ್ದರೂ ವರ್ಗಾವಣೆ ಇರುವುದುಂಟು, ಅದಕ್ಕೆ ಉತ್ಕರ್ಷಣ ಸಂಖ್ಯೆ ಎಣಿಸಲೇಬೇಕು.

ತಟಸ್ಥೀಕರಣ ದ್ವಿಸ್ಥಾನಪಲ್ಲಟದ ಒಳಗೇ ಬರುತ್ತದೆ. ಆಮ್ಲದ ಹೈಡ್ರೋಜನ್ ಅಯಾನು ಪ್ರತ್ಯಾಮ್ಲದ ಹೈಡ್ರಾಕ್ಸೈಡಿನ ಜೊತೆ ಸೇರಿ ನೀರಾಗುತ್ತದೆ.

ಮೀಥೇನ್ ದಹನವನ್ನು ನಾಲ್ಕರೊಳಗೆ ತುರುಕಬೇಡಿ. ಆಕ್ಸಿಜನ್ ಸೇರಿತು ಅಂತ ಸಂಯೋಗ ಎಂದು ಬರೆಸುವುದು ತಪ್ಪು. ಸಂಯೋಗದಲ್ಲಿ ಉತ್ಪನ್ನ ಒಂದೇ ಇರಬೇಕು, ಇಲ್ಲಿ ಕಾರ್ಬನ್ ಡೈ ಆಕ್ಸೈಡ್ ಮತ್ತು ನೀರು ಎರಡಿವೆ. ಅದು ದಹನ, ಉತ್ಕರ್ಷಣ, ಬಹಿರುಷ್ಣಕ. ಮೊದಲ ಕಂಬಸಾಲಿನಲ್ಲಿ ಗೆರೆ ಎಳೆದು ಬಿಡುವುದೇ ಸರಿಯಾದ ಉತ್ತರ. ನಾಲ್ಕು ವಿಧ ಎಂಬುದು ಮೊದಲ ಪರಿಚಯಕ್ಕೆ ಮಾಡಿಕೊಂಡ ವಿಂಗಡಣೆ, ಪ್ರಪಂಚದ ಎಲ್ಲ ಕ್ರಿಯೆಯೂ ಅದರಲ್ಲಿ ಹಿಡಿಸುವುದಿಲ್ಲ ಎಂದು ಮಕ್ಕಳಿಗೆ ನೇರವಾಗಿ ಹೇಳಬಹುದು.

ಇನ್ನೊಂದು ಸಾಮಾನ್ಯ ತಪ್ಪು: ಸೋಡಿಯಂ ಕ್ಲೋರೈಡ್ ಜೊತೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಬೆರೆಸಿದರೆ ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಬರುತ್ತದೆ ಎಂದು ಕಾಗದದ ಮೇಲೆ ಬರೆಯುತ್ತಾರೆ. ಪ್ರನಾಳದಲ್ಲಿ ಏನೂ ಆಗುವುದಿಲ್ಲ. ನಾಲ್ಕು ಅಯಾನುಗಳೂ ನೀರಿನಲ್ಲಿ ಹಾಗೇ ತೇಲಿಕೊಂಡಿರುತ್ತವೆ. ಪ್ರಕ್ಷೇಪ (ಕರಗದೆ ಬೇರೆಯಾಗುವ ಗಸಿ), ಅನಿಲ, ನೀರು ಇವುಗಳಲ್ಲಿ ಒಂದು ಹುಟ್ಟಿದರೆ ಮಾತ್ರ ದ್ವಿಸ್ಥಾನಪಲ್ಲಟ ಎನ್ನಿ.

ಲ್ಯಾಬ್ ಬೆಂಚು, ಜಯನಗರ

ಮೂರು ತೊಂದರೆಗೂ ಕಾರಣ ಪದಾರ್ಥದಲ್ಲಿದೆ, ನಿಮ್ಮ ಕೈಯಲ್ಲಿ ಅಲ್ಲ.

ಸುಣ್ಣ: ಎಲೆ-ಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಪುಡಿ ಸುಣ್ಣ ಎರಡೂ ಆಗಲೇ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕ್ರಿಯೆ ಅಂಗಡಿಗೆ ಬರುವ ಮೊದಲೇ ಮುಗಿದಿದೆ, ನಿಮ್ಮ ಲೋಟದಲ್ಲಿ ಬಿಸಿಯಾಗಲು ಏನೂ ಉಳಿದಿಲ್ಲ. ಬೇಕಾದದ್ದು ಗಟ್ಟಿ ಉಂಡೆಯಾಗಿರುವ ಸುಟ್ಟ ಸುಣ್ಣ. ಅದನ್ನೂ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟು ಇಟ್ಟರೆ ಗಾಳಿಯ ತೇವ ಹೀರಿ ತಾನೇ ಅರಳುತ್ತದೆ, ಆಮೇಲೆ ಕಾರ್ಬನ್ ಡೈ ಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ಉಂಡೆ ಬೆರಳಿಗೆ ಪುಡಿಯಾದರೆ ಹಳೆಯದು. ಮೇಲೆ ಒಂದು ಹನಿ ವಿನೆಗರ್ ಬಿಡಿ, ನೊರೆ ಎದ್ದರೆ ಕಾರ್ಬೊನೇಟ್ ಆಗಿದೆ ಎಂದೇ ಅರ್ಥ.

ಅಳತೆ: ಸ್ಟೀಲ್ ಲೋಟದಲ್ಲಿ 50 ಮಿಲಿ ನೀರು, ಥರ್ಮಾಮೀಟರ್. 5 ಗ್ರಾಂ ಸುಣ್ಣವನ್ನು ಕಡಲೆಕಾಳಿನ ಗಾತ್ರಕ್ಕೆ ಒಡೆದು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಿ. ಪೂರ್ತಿ ಕ್ರಿಯೆಯಾದರೆ ಲೆಕ್ಕದಲ್ಲಿ 25 ಡಿಗ್ರಿ ಏರಬೇಕು, ಲೋಟ ಮತ್ತು ಗಾಳಿ ತೆಗೆದುಕೊಳ್ಳುವುದರಿಂದ ಅದಕ್ಕಿಂತ ಕಡಿಮೆ ಸಿಗುತ್ತದೆ. ಚೆನ್ನಾಗಿ ಬೆಂದ ಸುಣ್ಣ ತಡವಾಗಿ ಅರಳುತ್ತದೆ, ಐದು ನಿಮಿಷ ಕಾಯದೆ ಕೆಟ್ಟಿದೆ ಎನ್ನಬೇಡಿ. ದೊಡ್ಡ ಉಂಡೆಯ ಮೇಲೆ ಎರಡು ಚಮಚ ನೀರು ಸುರಿಯುವುದು ಬೇಡವೇ ಬೇಡ. ಒಳಗೆ ಹಬೆಯಾಗಿ ಸುಣ್ಣದ ಚೂರು ಹಾರುತ್ತದೆ, ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಕನ್ನಡಕ ಕಡ್ಡಾಯ.

ಮೊಳೆ: ನೀವು ತಂದದ್ದು ಸತು ಲೇಪನದ ಮೊಳೆ. ಸತು ಕಬ್ಬಿಣಕ್ಕಿಂತ ಕ್ರಿಯಾಶೀಲ, ಹಾಗಾಗಿ ಮೊದಲು ಅದೇ ತಾಮ್ರವನ್ನು ಹೊರತಳ್ಳುತ್ತದೆ. ವೇಗವಾಗಿ ಕೂರುವ ತಾಮ್ರ ಬಹಳ ಸಣ್ಣ ಕಣವಾದ್ದರಿಂದ ಕಪ್ಪಾಗಿ ಕಾಣುತ್ತದೆ. ಸತುವಿನ ಸಲ್ಫೇಟಿಗೆ ಬಣ್ಣವಿಲ್ಲ, ಅದಕ್ಕೇ ದ್ರಾವಣ ತಿಳಿಯಾಯಿತು. ಪ್ರಯೋಗ ಸುಳ್ಳಾಗಲಿಲ್ಲ, ಬೇರೆ ಲೋಹದ ಸ್ಥಾನಪಲ್ಲಟ ನಡೆಯಿತು. ಲೇಪನವಿಲ್ಲದ ಮೊಳೆ ತನ್ನಿ, ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಎಣ್ಣೆ ಹೋಗುವಂತೆ ಸೋಪಿನಲ್ಲಿ ತೊಳೆಯಿರಿ.

ದ್ರಾವಣಕ್ಕೆ 100 ಮಿಲಿ ನೀರಿಗೆ 5 ಗ್ರಾಂ ಮೈಲುತುತ್ತ. ಬೋರ್‌ವೆಲ್ ನೀರಾದರೆ ಅದರ ಬೈಕಾರ್ಬೊನೇಟಿನಿಂದ ತೆಳು ನೀಲಿ ಮಸುಕು ಬರಬಹುದು, ಒಂದೆರಡು ಹನಿ ಸಾರರಿಕ್ತ (ನೀರು ಬೆರೆತು ತೆಳುವಾದ) ಸಲ್ಫ್ಯೂರಿಕ್ ಆಮ್ಲ ಹಾಕಿದರೆ ತಿಳಿಯಾಗುತ್ತದೆ. ಪ್ರನಾಳಕ್ಕೆ 10 ಮಿಲಿ ಸಾಕು. ಅದರಲ್ಲಿರುವ ತಾಮ್ರ ಸುಮಾರು 0.13 ಗ್ರಾಂ, ಕರಗಬೇಕಾದ ಕಬ್ಬಿಣ 0.11 ಗ್ರಾಂ. 100 ಮಿಲಿ ಬೀಕರಿನಲ್ಲಿ ಒಂದು ಮೊಳೆ ಇಟ್ಟು ನೀಲಿ ಹೋಗಲಿಲ್ಲ ಎಂದರೆ ಹೋಗುವುದಿಲ್ಲ ಅಷ್ಟೆ: ಮೊಳೆಗೆ ತಾಮ್ರ ಅಂಟಿಕೊಂಡ ಮೇಲೆ ಒಳಗಿನ ಕಬ್ಬಿಣಕ್ಕೆ ದ್ರಾವಣ ತಾಗುವುದು ಕಡಿಮೆಯಾಗುತ್ತದೆ. 20ರಿಂದ 30 ನಿಮಿಷ ಬಿಡಿ, ಪಕ್ಕದಲ್ಲಿ ಮೊಳೆ ಹಾಕದ ಪ್ರನಾಳ ಇಟ್ಟು ಹೋಲಿಸಿ. ಇಷ್ಟು ತೆಳುವಾದ ಫೆರಸ್ ಸಲ್ಫೇಟಿನ ಹಸಿರು ಕಣ್ಣಿಗೆ ಕಾಣುವುದೇ ಕಷ್ಟ. ನೀಲಿ ಮಂಕಾಗಿದೆ ಎಂದು ಬರೆಸಿ, ಕಾಣದ ಹಸಿರನ್ನು ಬರೆಸಬೇಡಿ.

ಬೇಗ ಆಗಬೇಕೆಂದು ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಹಾಕುವವರಿದ್ದಾರೆ. ಅದು ಸ್ಟೇನ್‌ಲೆಸ್, ಮೇಲೆ ಕ್ರೋಮಿಯಂ ಆಕ್ಸೈಡಿನ ಪದರವಿದೆ, ಕೆಲಸಕ್ಕೆ ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ವುಲ್, ಅಂದರೆ ತುಕ್ಕು ಹಿಡಿಯುವ ಸಾದಾ ಉಕ್ಕಿನ ಎಳೆ, ಎರಡು ಮೂರು ನಿಮಿಷದಲ್ಲಿ ಕೆಂಪಾಗುತ್ತದೆ.

ಆಕ್ಸೈಡ್ ಪದರದ ಮಾತು ಬಂದದ್ದಕ್ಕೆ ಇನ್ನೊಂದು. ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಅದೇ ಮೈಲುತುತ್ತದಲ್ಲಿ ಇಡಿ, ಕ್ರಿಯಾಶೀಲತೆಯ ಸರಣಿಯಲ್ಲಿ ಎಷ್ಟೋ ಮೇಲಿದ್ದರೂ ಸುಮ್ಮನಿರುತ್ತದೆ. ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ. ಕ್ಲೋರೈಡ್ ಅಯಾನು ಪದರವನ್ನು ಮುರಿದ ಮೇಲೆ ಗುಳ್ಳೆ, ಕೆಂಪು ಪುಡಿ, ಕೈಗೆ ತಿಳಿಯುವ ಬಿಸಿ. ನನಗೆ ಈ ಅಧ್ಯಾಯದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಇನ್ನೊಂದಿಲ್ಲ. ಸಣ್ಣ ತುಂಡು ಮಾತ್ರ, ಉಗುರಿನಷ್ಟು. ಫಾಯಿಲ್ ಉಂಡೆ ಮಾಡಿ ಹಾಕಿದರೆ ಪ್ರನಾಳ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ.

ಸಿಲ್ವರ್ ನೈಟ್ರೇಟ್: ನಲ್ಲಿ ನೀರು ಕಾವೇರಿಯದಾಗಲಿ ಬೋರ್‌ವೆಲ್ಲಿನದಾಗಲಿ ಅದರಲ್ಲಿ ಕ್ಲೋರೈಡ್ ಇದ್ದೇ ಇರುತ್ತದೆ. ನಿಮ್ಮ ಬಿಳುಪು ಅದರದ್ದು, ಸಿಲ್ವರ್ ಕ್ಲೋರೈಡ್. ಡಿಸ್ಟಿಲ್ಡ್ ನೀರೇ ಬೇಕು. ಬ್ಯಾಟರಿ ಅಂಗಡಿಯ ನೀರೂ ಸಾಮಾನ್ಯವಾಗಿ ಆಗುತ್ತದೆ, ಮೊದಲು ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ. 60 ಮಿಲಿಗೆ 1 ಗ್ರಾಂ ಕರಗಿಸಿ ಕಂದು ಸೀಸೆಯಲ್ಲಿಡಿ. ಪ್ರನಾಳದಲ್ಲಿ 2 ಮಿಲಿಗೆ ಅಷ್ಟೇ ಉಪ್ಪು ನೀರು (100 ಮಿಲಿಗೆ 0.6 ಗ್ರಾಂ) ಸೇರಿಸಿದರೆ ದ್ವಿಸ್ಥಾನಪಲ್ಲಟ. ಅದೇ ಬಿಳಿ ಪ್ರಕ್ಷೇಪವನ್ನು ಬಿಸಿಲಿಗಿಟ್ಟರೆ ಬೂದು ಬಣ್ಣ, ಬೆಳಕಿನಿಂದ ವಿಭಜನೆ.

ಅದಕ್ಕಿಂತ ಕಡಿಮೆ ಖರ್ಚಿನದು ಬೇಕಾದರೆ ಫಿಲ್ಟರ್ ಕಾಗದವನ್ನು ಉಪ್ಪು ನೀರಿನಲ್ಲಿ ಅದ್ದಿ ಒಣಗಿಸಿ, ನೆರಳಿನಲ್ಲಿ ಐದಾರು ಹನಿ ಸಿಲ್ವರ್ ನೈಟ್ರೇಟ್ ಹರಡಿ, ಮೇಲೆ ಒಂದು ಬೀಗದ ಕೈ ಇಟ್ಟು ಬಿಸಿಲಿಗಿಡಿ. ಹತ್ತು ನಿಮಿಷದಲ್ಲಿ ಬೀಗದ ಕೈಯ ಆಕಾರ ಬಿಳಿಯಾಗಿ ಉಳಿದು ಸುತ್ತಲೂ ಕಪ್ಪಾಗುತ್ತದೆ. ಜುಲೈ-ಆಗಸ್ಟಿನ ಮೋಡವಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. 1830ರ ದಶಕದಲ್ಲಿ ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ಚಿತ್ರ ಮೂಡಿಸಲು ಹೊರಟದ್ದು ಈ ಕ್ರಿಯೆಯಿಂದಲೇ. ಕೈಗೆ ಬಿದ್ದರೆ ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ, ಕೈಗವಸು ಹಾಕಿಸಿ.

ವಿಜ್ಞಾನ ಟೀಚರ್, ಯಲಹಂಕ

ಸತು ಲೇಪನ ಹೊಳೆಯಲೇ ಇಲ್ಲ ಸರ್, ತುಂಬ ಧನ್ಯವಾದ. ಮೂರು ಕಂಬಸಾಲು ನಾಳೆಯಿಂದಲೇ ಹಾಕಿಸುತ್ತೇನೆ.

ಇನ್ನೂ ಮೂರು ಸಂದೇಹ. ಫೆರಸ್ ಸಲ್ಫೇಟ್ ಮತ್ತು ಲೆಡ್ ನೈಟ್ರೇಟನ್ನು ನಮ್ಮ ಕೋಣೆಯಲ್ಲಿ ಕಾಯಿಸಬಹುದೇ? ಸುಣ್ಣಕಲ್ಲಿನ ವಿಭಜನೆಗೆ ಸೀಮೆಸುಣ್ಣ ಕಾಯಿಸಿದರೆ ಆಗುತ್ತದೆಯೇ? ಅಂತರುಷ್ಣಕಕ್ಕೆ ಬೇರಿಯಂ ಹೈಡ್ರಾಕ್ಸೈಡ್ ಬಿಟ್ಟು ಬೇರೆ ಏನಾದರೂ ಇದೆಯೇ?

ಪ್ರಯೋಗ ಪೆಟ್ಟಿಗೆ, ಕೆಂಗೇರಿ

ಮೇಡಂ, ಲೆಡ್ ನೈಟ್ರೇಟ್ ಬೇಡ. ಬರುವ ಕಂದು ಅನಿಲ ನೈಟ್ರೋಜನ್ ಡೈ ಆಕ್ಸೈಡ್, ಶ್ವಾಸಕೋಶಕ್ಕೆ ಹಾನಿ, ಉಳಿಯುವುದು ಸೀಸದ ಆಕ್ಸೈಡ್. 42 ಮಕ್ಕಳ ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಚಿತ್ರ ಬರೆದು ಸಮೀಕರಣ ಸರಿದೂಗಿಸಿದರೆ ಸಾಕು.

ಫೆರಸ್ ಸಲ್ಫೇಟ್ ನೀವೊಬ್ಬರೇ ವರಾಂಡದಲ್ಲಿ ಅರ್ಧ ಗ್ರಾಂನಲ್ಲಿ ಮಾಡಿ ತೋರಿಸಬಹುದು, ಗಾಳಿ ಮಕ್ಕಳ ಕಡೆಗೆ ಬೀಸದಂತೆ ನಿಂತು. ಇಲ್ಲಿ ಎರಡು ಹಂತ ಇರುವುದನ್ನು ಬಹಳ ಜನ ಗಮನಿಸುವುದಿಲ್ಲ. ಮೊದಲು ಹರಳಿನ ನೀರು ಹೋಗಿ ಹಸಿರು ಬೆಳ್ಳಗಾಗುತ್ತದೆ, ಪ್ರನಾಳದ ಬಾಯಲ್ಲಿ ನೀರ ಹನಿ ಕಟ್ಟುತ್ತದೆ. ಅಷ್ಟಕ್ಕೇ ನಿಲ್ಲಿಸಿ "ವಿಭಜನೆ ಆಯಿತು" ಎಂದರೆ ಪುಸ್ತಕದ ಸಮೀಕರಣ ಇನ್ನೂ ನಡೆದೇ ಇಲ್ಲ. ಇನ್ನೂ ಜೋರಾಗಿ ಕಾಯಿಸಿದಾಗ ಕೆಂಗಂದು ಫೆರಿಕ್ ಆಕ್ಸೈಡ್ ಮತ್ತು ಉರಿದ ಗಂಧಕದ ಘಾಟು. ಬಾಯಿ ಸ್ವಲ್ಪ ಕೆಳಗೆ ವಾಲಿರುವಂತೆ ಹಿಡಿಯಿರಿ, ಇಲ್ಲದಿದ್ದರೆ ಆ ಹನಿ ಕಾದ ತಳಕ್ಕೆ ಹರಿದು ಪ್ರನಾಳ ಬಿರಿಯುತ್ತದೆ. ಮೂಗು ಹತ್ತಿರ ಒಯ್ಯದೆ ಕೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡಿ. ಸೀಸೆಯ ಹರಳು ಆಗಲೇ ಹಳದಿ-ಕಂದಾಗಿದ್ದರೆ ಗಾಳಿಗೆ ಉತ್ಕರ್ಷಣಗೊಂಡಿದೆ, ಬಣ್ಣದ ಬದಲಾವಣೆ ಸ್ಪಷ್ಟವಾಗಿ ಕಾಣುವುದಿಲ್ಲ.

ಸೀಮೆಸುಣ್ಣ ಕಾಯಿಸಿ ಪ್ರಯೋಜನವಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಚೆನ್ನಾಗಿ ಒಡೆಯಲು 800-900 ಡಿಗ್ರಿ ಬೇಕು, ಸ್ಪಿರಿಟ್ ಲ್ಯಾಂಪಿನ ಮೇಲೆ ಗಾಜಿನ ಪ್ರನಾಳದಲ್ಲಿ ಅದು ಸಿಗುವುದಿಲ್ಲ. ಮೇಲಾಗಿ ಹಲಗೆಗೆ ಬರೆಯುವ ಸೀಮೆಸುಣ್ಣ ಎಷ್ಟೋ ಸಲ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ವಿನೆಗರ್ ಹನಿಗೆ ನೊರೆ ಬರದಿದ್ದರೆ ಅದೇ. ಮೊಟ್ಟೆಯ ಸಿಪ್ಪೆ ನಿಜವಾದ ಕಾರ್ಬೊನೇಟ್.

ಬಿಸಿ ಮಾಡದೆ ವಿಭಜನೆ ತೋರಿಸಲು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್, 20 ವಾಲ್ಯೂಮ್ (6 ಶೇಕಡಾ). ಒಂದು ಅಳತೆ ದ್ರಾವಣ ಇಪ್ಪತ್ತು ಅಳತೆ ಆಕ್ಸಿಜನ್ ಕೊಡುತ್ತದೆ ಎಂಬುದೇ ಆ ಹೆಸರಿನ ಅರ್ಥ. 100 ಮಿಲಿ ಶಂಕುವಿನಾಕಾರದ ಫ್ಲಾಸ್ಕಿಗೆ 10 ಮಿಲಿ ಹಾಕಿ ಅರ್ಧ ಚಮಚ ಈಸ್ಟ್ ಅಥವಾ ಹಸಿ ಆಲೂಗಡ್ಡೆಯ ಹೋಳು ಸೇರಿಸಿ. 200 ಮಿಲಿಯಷ್ಟು ಆಕ್ಸಿಜನ್ ಎದ್ದು ಫ್ಲಾಸ್ಕಿನ ಗಾಳಿಯನ್ನು ಹೊರದಬ್ಬುತ್ತದೆ. ಊದುಬತ್ತಿ ಹಚ್ಚಿ, ಜ್ವಾಲೆ ಆರಿಸಿ, ಕೆಂಡದ ತುದಿಯನ್ನು ಒಳಗೆ ಇಳಿಸಿದರೆ ಬೆಳಗಿ ಹೊತ್ತಿಕೊಳ್ಳುತ್ತದೆ. ನೊರೆಗೆ ತಾಗಿಸಿದರೆ ಆರಿಹೋಗುತ್ತದೆ, ಮೇಲೇ ಹಿಡಿಯಿರಿ. ಫ್ಲಾಸ್ಕಿನ ತಳ ಮುಟ್ಟಿಸಿ: ಬೆಚ್ಚಗಿದೆ. ವಿಭಜನೆ ಎಂದರೆ ಅಂತರುಷ್ಣಕವೇ ಎಂದು ಬಾಯಿಪಾಠ ಮಾಡಿದವರಿಗೆ ಇದು ಬೇಕು. ಸೀಸೆ ತೆರೆದು ತಿಂಗಳುಗಳಾಗಿದ್ದರೆ ಒಳಗೇ ಒಡೆದು ತೆಳುವಾಗಿರುತ್ತದೆ, ಹೊಸದು ತನ್ನಿ.

ಅಂತರುಷ್ಣಕಕ್ಕೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಮತ್ತು ಅಡುಗೆ ಸೋಡಾ. 5 ಗ್ರಾಂ ನಿಂಬೆ ಉಪ್ಪನ್ನು ಥರ್ಮೋಕೋಲ್ ಲೋಟದಲ್ಲಿ 50 ಮಿಲಿ ನೀರಿಗೆ ಕರಗಿಸಿ. ಕರಗುವಾಗಲೂ ಸ್ವಲ್ಪ ತಣ್ಣಗಾಗುತ್ತದೆ, ಅದು ಬೇರೆ. ಉಷ್ಣತೆ ಸ್ಥಿರವಾಗುವವರೆಗೆ ಕಾದು ಬರೆದುಕೊಳ್ಳಿ. ನಂತರ 6.5 ಗ್ರಾಂ ಸೋಡಾವನ್ನು ಮೂರು ನಾಲ್ಕು ಸಲಕ್ಕೆ ಹಾಕಿ, ಕೆಲವು ಡಿಗ್ರಿ ಇಳಿಯುತ್ತದೆ. ಒಂದೇ ಸಲಕ್ಕೆ ಸುರಿದರೆ ಉಕ್ಕಿ ಮೇಜೆಲ್ಲ ಆಗುತ್ತದೆ, ಒಟ್ಟು ಹೊರಬರುವ ಅನಿಲ ಸುಮಾರು 2 ಲೀಟರ್. ಇದು ದ್ವಿಸ್ಥಾನಪಲ್ಲಟ, ಅದರ ಬೆನ್ನಿಗೇ ಕಾರ್ಬೊನಿಕ್ ಆಮ್ಲದ ವಿಭಜನೆ.

ನಿಮ್ಮ ಹಳೆಯ ಅರಳಿದ ಸುಣ್ಣ ಎಸೆಯಬೇಡಿ. 2 ಗ್ರಾಂ ಅನ್ನು 1 ಲೀಟರ್ ನೀರಿಗೆ ಹಾಕಿ ಕುಲುಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಸುಣ್ಣದ ತಿಳಿ ಸಿದ್ಧ. ಅದಕ್ಕೆ ಅಷ್ಟೇ ನೀರು ಬೆರೆಸಿ ಸೋಡಾ-ವಿನೆಗರಿನ ಅನಿಲ ಹಾಯಿಸಿ. ಹಾಲಿನಂತಾಗುತ್ತದೆ, ಹಾಯಿಸುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಈ ತಿಳಿಯಾಗುವುದು ಸಂಯೋಗ: ಕಾರ್ಬೊನೇಟ್, ನೀರು, ಕಾರ್ಬನ್ ಡೈ ಆಕ್ಸೈಡ್ ಮೂರೂ ಸೇರಿ ಒಂದೇ ಕ್ಯಾಲ್ಸಿಯಂ ಬೈಕಾರ್ಬೊನೇಟ್. ಈಗ ಅದನ್ನೇ ಕುದಿಸಿ, ಮತ್ತೆ ಬೆಳ್ಳಗಾಗುತ್ತದೆ. ವಿಭಜನೆ, ಅದೂ ಸ್ಪಿರಿಟ್ ಲ್ಯಾಂಪಿನಲ್ಲೇ. ಬೋರ್‌ವೆಲ್ ನೀರು ಕಾಯಿಸುವ ನಮ್ಮ ಮನೆಗಳ ಗೀಸರ್, ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಇದೇ ಕ್ರಿಯೆಯಿಂದ. ಬರಿ ಉಸಿರು ಊದಿ ಮಾಡಲು ಹೋದರೆ ತಿಳಿಯಾಗುವ ಹಂತಕ್ಕೆ ಬಹಳ ಹೊತ್ತು ಬೇಕು, ಮಕ್ಕಳು ಸುಣ್ಣದ ನೀರು ಹೀರಿಬಿಡುವ ಅಪಾಯವೂ ಇದೆ.

ಅಡಿಕೆ-ಮಣ್ಣು, ಹೆಬ್ಬಾಳ

ಮೈಲುತುತ್ತ, ಸುಣ್ಣ ಎರಡೂ ಮೇಜಿನ ಮೇಲಿವೆ, ಹಾಗಾದರೆ ಬೋರ್ಡೋ ದ್ರಾವಣ ಮಾಡಿಸಿ. ಅಡಿಕೆ ಕೊಳೆರೋಗಕ್ಕೆ ಮಲೆನಾಡಿನಲ್ಲಿ ಹೊಡೆಯುವ ಔಷಧಿ ಅದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನು ಬಳಕೆಗೆ ತಂದರು.

ತೋಟದ ಅಳತೆ 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ತರಗತಿಗೆ 1 ಗ್ರಾಂ ಮೈಲುತುತ್ತ 50 ಮಿಲಿಯಲ್ಲಿ, 1 ಗ್ರಾಂ ಸುಣ್ಣ 50 ಮಿಲಿಯಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಲೋಟಗಳಲ್ಲಿ ಮಾಡಿ, ಮೈಲುತುತ್ತವನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಆಕಾಶನೀಲಿ ಪ್ರಕ್ಷೇಪ ಬರುತ್ತದೆ. ಸುಲಭವಾಗಿ ಬರೆಯುವುದಾದರೆ ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್, ದ್ವಿಸ್ಥಾನಪಲ್ಲಟ.

ಮುಂದಿನ ಭಾಗ ನಿಮ್ಮ ಪಾಠಕ್ಕೆ ಇನ್ನೂ ಹತ್ತಿರ. ಹದ ಸರಿಯಾಗಿದೆಯೇ ಎಂದು ರೈತರು ನೋಡುವುದು ಉಜ್ಜಿದ ಕಬ್ಬಿಣದ ಚಾಕು ಅಥವಾ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದ್ದಿ. ಕೆಂಪು ಕೂತರೆ ಪ್ರಕ್ಷೇಪವಾಗದ ತಾಮ್ರದ ಅಯಾನು ಇನ್ನೂ ದ್ರಾವಣದಲ್ಲಿದೆ, ಎಲೆ ಸುಡುತ್ತದೆ, ಸುಣ್ಣದ ನೀರು ಇನ್ನಷ್ಟು ಬೇಕು. ಚಾಕು ಬೆಳ್ಳಗೇ ಉಳಿದರೆ ಹದವಾಗಿದೆ. ಒಂದು ದ್ವಿಸ್ಥಾನಪಲ್ಲಟ ಮುಗಿಯಿತೋ ಇಲ್ಲವೋ ಎಂದು ಸ್ಥಾನಪಲ್ಲಟ ಹೇಳುತ್ತದೆ. ಕಬ್ಬಿಣದ ಬಕೆಟ್ಟಿನಲ್ಲಿ ಈ ದ್ರಾವಣ ಮಾಡಬಾರದು ಎಂದು ಹೇಳುವ ಕಾರಣವೂ ಅದೇ, ಬಕೆಟ್ಟೇ ತಾಮ್ರವನ್ನು ಕಿತ್ತುಕೊಳ್ಳುತ್ತದೆ. ಚಾಕು ಸ್ಟೇನ್‌ಲೆಸ್ ಆಗಿರಬಾರದು.

ಬೇರಿಯಂ ಕ್ಲೋರೈಡ್ ವಿಷವೆಂದು ಬಿಟ್ಟು ಮೈಲುತುತ್ತಕ್ಕೆ ವಾಷಿಂಗ್ ಸೋಡಾ ಹಾಕಿ ಪ್ರಕ್ಷೇಪ ತೋರಿಸುವವರಿಗೆ ಒಂದು ಮಾತು: ಬರುವುದು ಶುದ್ಧ ತಾಮ್ರದ ಕಾರ್ಬೊನೇಟ್ ಅಲ್ಲ, ಹೈಡ್ರಾಕ್ಸೈಡ್ ಬೆರೆತದ್ದು, ಜೊತೆಗೆ ಗುಳ್ಳೆಯೂ ಏಳುತ್ತದೆ. ಮಕ್ಕಳು ಗುಳ್ಳೆ ಯಾಕೆ ಎಂದು ಕೇಳಿದರೆ ಸಮೀಕರಣದಲ್ಲಿ ಉತ್ತರ ಇರುವುದಿಲ್ಲ. ಎಪ್ಸಂ ಉಪ್ಪು ಮತ್ತು ವಾಷಿಂಗ್ ಸೋಡಾಕ್ಕೂ ಅದೇ ಕಥೆ. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ವಾಷಿಂಗ್ ಸೋಡಾ ಅಚ್ಚುಕಟ್ಟು: ಬಿಳಿ ಕ್ಯಾಲ್ಸಿಯಂ ಕಾರ್ಬೊನೇಟ್, ಉಳಿಯುವುದು ಅಡುಗೆ ಉಪ್ಪು.

ಪಿಯು ಕೆಮಿಸ್ಟ್ರಿ, ಮಲ್ಲೇಶ್ವರ

ಚಾಕುವಿನ ಪರೀಕ್ಷೆ ಬಹಳ ಚೆನ್ನಾಗಿದೆ, ಪಿಯು ತರಗತಿಗೂ ಆಗುತ್ತದೆ.

ಲೋಹ-ಆಮ್ಲ ಕ್ರಿಯೆಯ ಬಗ್ಗೆ ಎರಡು ತಿದ್ದುಪಡಿ ಸೇರಿಸಿಬಿಡುತ್ತೇನೆ. ಕಬ್ಬಿಣಕ್ಕೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಫೆರಸ್ ಕ್ಲೋರೈಡ್, ಫೆರಿಕ್ ಅಲ್ಲ. ಸತುವಿಗೆ ನೈಟ್ರಿಕ್ ಆಮ್ಲ ಹಾಕಿ ಹೈಡ್ರೋಜನ್ ನಿರೀಕ್ಷಿಸಬೇಡಿ, ಆ ಆಮ್ಲ ತಾನೇ ಉತ್ಕರ್ಷಕ, ನೈಟ್ರೋಜನ್ ಆಕ್ಸೈಡುಗಳು ಬರುತ್ತವೆ. ಸತುವಿನ ಚೂರು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಮಂದವಾಗಿದ್ದರೆ ಒಂದು ಹನಿ ಮೈಲುತುತ್ತದ ದ್ರಾವಣ ಸಾಕು. ಸತುವಿನ ಮೇಲೆ ಕೂತ ತಾಮ್ರ ಅದಕ್ಕೆ ಜೊತೆಯಾಗಿ ಪುಟ್ಟ ಕೋಶದಂತೆ ಕೆಲಸ ಮಾಡಿ ಗುಳ್ಳೆ ಜೋರಾಗುತ್ತದೆ.

ಆಮ್ಲಕ್ಕೆ ಬದಲು ಟಾಯ್ಲೆಟ್ ಕ್ಲೀನರ್ ತಂದಿದ್ದರೆ ಬ್ಲೀಚಿಂಗ್ ಪೌಡರ್ ಇರುವ ಕಪಾಟಿನಲ್ಲಿ ಇಡಬೇಡಿ. ಎರಡೂ ಸೇರಿದರೆ ಕ್ಲೋರಿನ್.

ವಿಜ್ಞಾನ ಟೀಚರ್, ಯಲಹಂಕ

ಕೊನೆಯದಾಗಿ ನೀರಿನ ವಿದ್ಯುದ್ವಿಭಜನೆ. ಉಪ್ಪು ಹಾಕಿದರೆ ಗುಳ್ಳೆ ಚೆನ್ನಾಗಿ ಬರುತ್ತದೆ, ಆದರೆ ಹೈಡ್ರೋಜನ್ ಮತ್ತು ಆಕ್ಸಿಜನ್ನಿನ 2:1 ಅನುಪಾತ ಬರುತ್ತಿಲ್ಲ, ಈಜುಕೊಳದಂಥ ವಾಸನೆ ಬರುತ್ತದೆ. ಪ್ರಯೋಗಗಳ ನಂತರ ಉಳಿದ ಮೈಲುತುತ್ತದ ದ್ರಾವಣವನ್ನು ಸಿಂಕಿಗೆ ಸುರಿಯಬಹುದೇ?

ಲ್ಯಾಬ್ ಬೆಂಚು, ಜಯನಗರ

ಆ ವಾಸನೆ ಕ್ಲೋರಿನ್ ಮೇಡಂ. ಉಪ್ಪು ಹಾಕಿದರೆ ಧನಾಗ್ರದಲ್ಲಿ (ಬ್ಯಾಟರಿಯ ಪ್ಲಸ್ ತುದಿಗೆ ಸೇರಿದ ಕಡ್ಡಿಯಲ್ಲಿ) ಆಕ್ಸಿಜನ್ ಬದಲು ಹೆಚ್ಚಾಗಿ ಅದೇ ಬರುತ್ತದೆ, ನೀರಿನಲ್ಲಿ ಕರಗಿಯೂ ಹೋಗುತ್ತದೆ. ಕಿಟಕಿ ತೆರೆದು ನಿಲ್ಲಿಸಿಬಿಡಿ. ಉಪ್ಪಿನ ಬದಲು 250 ಮಿಲಿ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, ಅಥವಾ ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಸ್ಟೀಲ್ ಪಿನ್ ಬೇಡ, ಧನಾಗ್ರದ ಪಿನ್ ಕರಗಿ ನೀರು ಕಂದಾಗುತ್ತದೆ. ಕಾರ್ಬನ್ ಕಡ್ಡಿ ಅಥವಾ ದಪ್ಪ ಪೆನ್ಸಿಲ್ ಸೀಸ ಬಳಸಿ.

ಅವಸರ ಬೇಡ. 0.2 ಆಂಪಿಯರ್ ವಿದ್ಯುತ್ 10 ನಿಮಿಷ ಹರಿದರೆ ಹೈಡ್ರೋಜನ್ ಸಿಗುವುದು ಸುಮಾರು 17 ಮಿಲಿ. (ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಸಮುದ್ರಮಟ್ಟದ ಲೆಕ್ಕಕ್ಕಿಂತ ಒಂದೆರಡು ಮಿಲಿ ಜಾಸ್ತಿ.) ಆಕ್ಸಿಜನ್ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ, ಏಕೆಂದರೆ ಒಂದಷ್ಟು ನೀರಿನಲ್ಲಿ ಕರಗುತ್ತದೆ, ಒಂದಷ್ಟು ಕಾರ್ಬನ್ ಕಡ್ಡಿಯನ್ನೇ ಉತ್ಕರ್ಷಿಸುತ್ತದೆ. ಮೊದಲ ಐದು ನಿಮಿಷದ ಅನಿಲ ಹೊರಬಿಟ್ಟು ನೀರು ಆಕ್ಸಿಜನ್ನಿನಿಂದ ತುಂಬಿದ ಮೇಲೆ ಪ್ರನಾಳ ಮಗುಚಿಟ್ಟರೆ ಅನುಪಾತ ಎರಡಕ್ಕೆ ಹತ್ತಿರ ಬರುತ್ತದೆ.

ಮೈಲುತುತ್ತ ಸಿಂಕಿಗೆ ಬೇಡ, ತಾಮ್ರ ಕೆರೆಯ ಮೀನು, ಪಾಚಿಗಳಿಗೆ ವಿಷ. ಎಲ್ಲರ ಉಳಿಕೆಯನ್ನೂ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು ಹಿಡಿಯಷ್ಟು ಸಾದಾ ಸ್ಟೀಲ್ ವುಲ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ನೀಲಿ ಹೋಗಿ ತಳದಲ್ಲಿ ತಾಮ್ರದ ಪುಡಿ ಕೂತಿರುತ್ತದೆ. ಉಜ್ಜಿದ ಮೊಳೆ ಅದ್ದಿ ನೋಡಿ, ಕೆಂಪು ಕೂರದಿದ್ದರೆ ಮೇಲಿನ ನೀರನ್ನು ಧಾರಾಳ ನೀರಿನೊಂದಿಗೆ ಚೆಲ್ಲಬಹುದು. ತಾಮ್ರವನ್ನು ಒಣಗಿಸಿ ಡಬ್ಬಿಯಲ್ಲಿಡಿ, ಲೋಹಗಳ ಪಾಠಕ್ಕೆ ಬರುತ್ತದೆ. ಸಿಲ್ವರ್ ನೈಟ್ರೇಟಿನ ಉಳಿಕೆಗೆ ಉಪ್ಪು ಹಾಕಿ ಪೂರ್ತಿ ಪ್ರಕ್ಷೇಪಿಸಿ, ಬಿಳಿ ಗಸಿಯನ್ನು ಬೇರೆ ಸೀಸೆಯಲ್ಲಿ ಕೂಡಿಡಿ.